ಪೆನ್ಸಿಲ್ ಗುರುತಿನ ಪುಸ್ತಕ

ನಮ್ಮ ಎದುರುಮನೆಯಾಕೆ ಹೋದ ತಿಂಗಳು ಮನೆ ಖಾಲಿ ಮಾಡಿದರು. ಹೊರಡುವ ಮುಂಚೆ ಒಂದು ಪೆಟ್ಟಿಗೆ ಪುಸ್ತಕ ತಂದು ನಮ್ಮ ಬಾಗಿಲಲ್ಲಿಟ್ಟು, "ನಿಮಗೆ ಪುಸ್ತಕದ ಹುಚ್ಚು ಅಲ್ವಾ, ಇಟ್ಟುಕೊಳ್ಳಿ" ಎಂದರು. ತೆರೆದು ನೋಡಿದರೆ ಎಲ್ಲವೂ ಒಂದೇ ರಾಕ್ ಬ್ಯಾಂಡಿನ ಮೇಲೆ. ಗ್ರೇಟ್‌ಫುಲ್ ಡೆಡ್.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇಷ್ಟು ವರ್ಷ ಇದ್ದೂ ನನಗೆ ಗೊತ್ತಿದ್ದದ್ದು ಗುಲಾಬಿ ಮುಡಿದ ಅಸ್ಥಿಪಂಜರದ ಸ್ಟಿಕರ್ ಅಷ್ಟೇ. ಟ್ರಾಫಿಕ್‌ನಲ್ಲಿ ಮುಂದಿನ ಕಾರಿನ ಬೆನ್ನಿಗೆ ಅಂಟಿರುತ್ತದಲ್ಲ, ಅದು. ಈ ಬ್ಯಾಂಡ್ 1965ರಲ್ಲಿ ಹುಟ್ಟಿದ್ದು ನಾವು ದಿನಾ ಓಡಾಡುವ ಪಾಲೊ ಆಲ್ಟೊದಲ್ಲೇ. ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಆಗ ಅಲ್ಲಿನ ವಾದ್ಯದಂಗಡಿಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ.

ಪೆಟ್ಟಿಗೆಯಲ್ಲಿ ದಪ್ಪ ದಪ್ಪ ಪುಸ್ತಕಗಳಿದ್ದವು. ಬ್ಯಾಂಡಿನ ಪ್ರಚಾರ ನೋಡಿಕೊಳ್ಳುತ್ತಿದ್ದ ಡೆನಿಸ್ ಮೆಕ್‌ನಾಲಿ 2002ರಲ್ಲಿ ಬರೆದ ಚರಿತ್ರೆ, ಬಾಸ್ ನುಡಿಸುತ್ತಿದ್ದ ಫಿಲ್ ಲೆಶ್ ಅವರ ಆತ್ಮಕಥೆ. ಚೆನ್ನಾಗಿವೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಒಂದು ವಾಕ್ಯವನ್ನೂ ನೆಟ್ಟಗೆ ಓದಿಸದ ಪುಸ್ತಕ: ಡೆಡ್‌ಬೇಸ್. 1987ರಲ್ಲಿ ಮೊದಲು ಬಂತು. ಅಭಿಮಾನಿಗಳೇ ಸೇರಿ ಮಾಡಿದ್ದು. ಪುಟ ತುಂಬ ದಿನಾಂಕ, ಊರು, ಸಭಾಂಗಣ, ಆವತ್ತು ನುಡಿಸಿದ ಹಾಡುಗಳ ಸಾಲು. ಪಂಚಾಂಗ ಇದ್ದ ಹಾಗೆ!

ಪಂಚಾಂಗ ಬೇಕಾಗಿದ್ದಕ್ಕೆ ಕಾರಣವಿದೆ. ಇವರು ನಿನ್ನೆಯ ಪಟ್ಟಿಯನ್ನು ಇವತ್ತು ನುಡಿಸುತ್ತಿರಲಿಲ್ಲ. 30 ವರ್ಷದಲ್ಲಿ 2,300ಕ್ಕೂ ಜಾಸ್ತಿ ಕಛೇರಿ, ಒಂದರ ಹಾಗೆ ಇನ್ನೊಂದಿಲ್ಲ. ಒಂದೇ ಹಾಡು ಒಂದು ರಾತ್ರಿ ಹತ್ತು ನಿಮಿಷಕ್ಕೆ ಮುಗಿದರೆ ಇನ್ನೊಂದು ರಾತ್ರಿ ಅರ್ಧ ಗಂಟೆ ಬೆಳೆಯುತ್ತಿತ್ತು. ಹಾಗಾಗಿ ಡೆಡ್‌ಹೆಡ್ ಅನ್ನಿಸಿಕೊಂಡ ಜನ ಊರಿಂದೂರಿಗೆ ಹಿಂದೆಯೇ ಹೋಗುತ್ತಿದ್ದರು. ನಮ್ಮ ಮೇಳದ ಹಿಂದೆ ರಾತ್ರಿಯೆಲ್ಲ ಅಲೆಯುವ ಯಕ್ಷಗಾನದ ಹುಚ್ಚರು ನೆನಪಾಗಲಿಲ್ಲ ಅಂದರೆ ಸುಳ್ಳು.

ರೆಕಾರ್ಡ್ ಮಾಡಿಕೊಳ್ಳುವುದಕ್ಕೂ ಅಡ್ಡಿಯಿರಲಿಲ್ಲ. ಮೈಕುಗಳ ಕಾಡು ಸೌಂಡ್ ಎಂಜಿನಿಯರಿನ ಕಣ್ಣಿಗೇ ಅಡ್ಡ ಬಂದಾಗಲೂ ಬ್ಯಾಂಡಿನವರು ರೆಕಾರ್ಡಿಂಗ್ ನಿಲ್ಲಿಸಲಿಲ್ಲ. 1984ರ ಅಕ್ಟೋಬರಿನಲ್ಲಿ, ಬರ್ಕ್‌ಲಿಯಲ್ಲಿ, ರೆಕಾರ್ಡ್ ಮಾಡುವವರಿಗೇ ಅಂತ ಎಂಜಿನಿಯರಿನ ಹಿಂದೆ ಜಾಗ ಮಾಡಿಕೊಟ್ಟರು. ಮಾರಬಾರದು ಅನ್ನುವುದೊಂದೇ ದೊಡ್ಡ ನಿಯಮ. ಖಾಲಿ ಕ್ಯಾಸೆಟ್ಟು, ವಾಪಸ್ ಕಳಿಸಲು ಅಂಚೆಚೀಟಿ ಇಟ್ಟು ಕಳಿಸಿದರೆ ಗುರುತಿಲ್ಲದವರೂ ತುಂಬಿಸಿ ಕಳಿಸುತ್ತಿದ್ದರು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯ ಟೇಪು ಹೀಗೇ ಕೈಯಿಂದ ಕೈಗೆ ಹೋಗಿ ಎಷ್ಟು ಹೆಸರಾಯಿತೆಂದರೆ, ಆ ಒಂದು ಸಂಜೆಯ ಮೇಲೇ 2017ರಲ್ಲಿ ಒಂದು ಇಡೀ ಪುಸ್ತಕ ಬಂತು.

ಗಾರ್ಸಿಯಾ 1995ರಲ್ಲಿ ತೀರಿಕೊಂಡ. ಬ್ಯಾಂಡಿನ ಕಾಗದಪತ್ರ ಈಗ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿವೆ. ಅದರಲ್ಲಿ ಟಿಕೆಟ್ ಕೇಳಿ ಅಭಿಮಾನಿಗಳು ಕಳಿಸಿದ ಲಕೋಟೆಗಳೂ ಇವೆ. ತಮ್ಮದು ಕಣ್ಣಿಗೆ ಬೀಳಲಿ ಅಂತ ಮೇಲೆಲ್ಲ ಬಣ್ಣದ ಚಿತ್ರ ಬರೆದು ಕಳಿಸುತ್ತಿದ್ದರಂತೆ.

ಕನ್ನಡ ಕೂಟದ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಅಂತೀರಾ? ಕೂಟ ಆಡಿದ ಮೊದಲ ನಾಟಕ ಯಾವುದು ಅಂತ ಯುಗಾದಿ ದಿನ ಒಬ್ಬ ಹುಡುಗಿ ಕೇಳಿದಳು. ಸಮಿತಿಯ ನಾಲ್ಕು ಜನ ನಾಲ್ಕು ಹೆಸರು ಹೇಳಿದೆವು. ನಿಮ್ಮ ಗ್ಯಾರೇಜಿನಲ್ಲಿ ಹಳೆಯ ಕರಪತ್ರ, ವಿಡಿಯೋ ಕ್ಯಾಸೆಟ್ ಏನೇ ಇದ್ದರೂ ಎಸೆಯಬೇಡಿ, ನನಗೆ ಕೊಡಿ.

ಇನ್ನೊಂದು ಮಾತು. ಆ ಡೆಡ್‌ಬೇಸ್‌ನಲ್ಲಿ ಎದುರುಮನೆಯಾಕೆ ತಾವು ಹೋದ ಕಛೇರಿಗಳಿಗೆಲ್ಲ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದಾರೆ. ಸ್ಟ್ಯಾನ್‌ಫರ್ಡಿನ ಫ್ರಾಸ್ಟ್ ಬಯಲು ರಂಗಮಂದಿರದ ಒಂದು ಕಛೇರಿಗೆ ಮಾತ್ರ ಟಿಕ್ ಪಕ್ಕ ಪ್ರಶ್ನೆ ಚಿಹ್ನೆ. ತಡೆಯಲಾರದೆ ಫೋನ್ ಮಾಡಿ ಕೇಳಿದೆ. ಆವತ್ತು ಟಿಕೆಟ್ ಸಿಗಲಿಲ್ಲವಂತೆ. ಹೊರಗೆ ಮರದ ಕೆಳಗೆ ಕೂತು ಪೂರ್ತಿ ಕೇಳಿ ಬಂದರಂತೆ. "ಅದು ಲೆಕ್ಕಕ್ಕೆ ಬರುತ್ತಾ, ನೀವೇ ಹೇಳಿ" ಅಂದರು.