ಗೆಳೆಯನಿಗೊಂದು ಪತ್ರ: ಜೂನ್ ತಿಂಗಳ ಎಲೆಕ್ಷನ್

ಪ್ರೀತಿಯ ರವಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆಯಲ್ಲ, ಅಮೆರಿಕದ ಎಲೆಕ್ಷನ್ ನವೆಂಬರಿನಲ್ಲಿ ಅಲ್ವಾ, ನೀನ್ಯಾಕೆ ಯಾವಾಗಲೂ ಜೂನ್ ಜೂನ್ ಅಂತೀಯ ಅಂತ. ನಾನಿರುವ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ಭಾಗದಲ್ಲಿ ಹೆಚ್ಚಿನ ಕಡೆ ಸೋಲು ಗೆಲುವು ಜೂನ್‌ನಲ್ಲೇ ಮುಗಿದುಹೋಗುತ್ತದೆ ಕಣೋ. ಇದು ಡೆಮಾಕ್ರಾಟರ ಭದ್ರಕೋಟೆ. ಹಾಗಾಗಿ ಆ ಪಕ್ಷದಿಂದ ಯಾರು ನಿಲ್ಲಬೇಕು ಅನ್ನುವ ಪ್ರೈಮರಿಯೇ ನಿಜವಾದ ಚುನಾವಣೆ.

ನಮ್ಮ ಕಡೆ ಬಿ ಫಾರಂ ಯಾರಿಗೆ ಅಂತ ಬೆಂಗಳೂರು, ದೆಹಲಿಯಲ್ಲಿ ಕೂತವರು ಹೇಳುತ್ತಾರೆ. ಇಲ್ಲಿ ಪಕ್ಷದ ಮತದಾರರೇ ವೋಟು ಹಾಕಿ ಆರಿಸಬೇಕು. ಕೆಳಮನೆಯ ಹಾಲಿ ಶಾಸಕರಿಗೂ ಗ್ಯಾರಂಟಿ ಇಲ್ಲ, ಎರಡು ವರ್ಷಕ್ಕೊಮ್ಮೆ ಮತ್ತೆ ಜನರ ಮುಂದೆ ಹೋಗಲೇಬೇಕು.

ರಾಜ್ಯದ ಕೆಳಮನೆಯ 41ನೇ ಕ್ಷೇತ್ರದ ಕಥೆ ಕೇಳು. ಎಸ್ಪನ್ಯೋಲ ಅನ್ನುವ ಸಣ್ಣ ಊರು, ಅದರ ಸುತ್ತ ರಿಯೊ ಗ್ರಾಂಡೆ ನದಿಯ ಬದಿಯ ಹಳ್ಳಿಗಳು, ತೋಟಗಳು, ಮೆಣಸಿನಕಾಯಿ ಗದ್ದೆಗಳು. ನೂರಾರು ವರ್ಷ ಹಳೆಯ ಮಣ್ಣಿನ ಕಾಲುವೆಗಳಿಗೆ ಇಲ್ಲಿ ಅಸೆಕಿಯಾ ಅನ್ನುತ್ತಾರೆ, ಯಾರ ಹೊಲಕ್ಕೆ ಯಾವಾಗ ನೀರು ಬಿಡಬೇಕು ಅಂತ ನೋಡಿಕೊಳ್ಳುವವನು ಮಯೋರ್ದೋಮೊ, ಥೇಟ್ ನಮ್ಮ ಹಳ್ಳಿಯ ನೀರಗಂಟಿ. ಈ ಕ್ಷೇತ್ರವನ್ನು 1993ರಿಂದ ಡೆಬ್ಬಿ ರೊಡೆಲಾ ಪ್ರತಿನಿಧಿಸುತ್ತಿದ್ದರು. ಡೆಮಾಕ್ರಾಟ್ ಆದರೂ ಪಕ್ಷದೊಳಗೆ ಸ್ವಲ್ಪ ಸಂಪ್ರದಾಯವಾದಿ ಅನ್ನಿಸಿಕೊಂಡಿದ್ದವರು. 2018ರ ಜೂನ್ ಪ್ರೈಮರಿಯಲ್ಲಿ ಅವರನ್ನು ಎಂಬುಡೊ ಅನ್ನುವ ಹಳ್ಳಿಯ ಸೂಸನ್ ಹೆರೆರಾ ಸೋಲಿಸಿದರು, ಪ್ರಗತಿಪರರ ಬೆಂಬಲದಿಂದ. ಕಾಲು ಶತಮಾನದ ಸೀಟು ಅದು!

ನನಗಿಲ್ಲಿ ವೋಟಿಲ್ಲ. ಆದರೂ ಯಾಕಿಷ್ಟು ಆಸಕ್ತಿ ಅಂದರೆ, ಬಡ್ಡಿ. ಎಸ್ಪನ್ಯೋಲದ ದೊಡ್ಡ ರಸ್ತೆ ರಿವರ್‌ಸೈಡ್ ಡ್ರೈವ್‌ನಲ್ಲಿ ಹೋದರೆ ಸಣ್ಣ ಸಾಲ ಕೊಡುವ ಅಂಗಡಿಗಳ ಬೋರ್ಡು ಕಣ್ಣಿಗೆ ಬೀಳುತ್ತಿದ್ದವು. ನನ್ನ ಪರಿಚಯದ ಒಬ್ಬ ಹೆಂಗಸು, ಕಾರಿನ ಗೇರ್‌ಬಾಕ್ಸ್ ಕೆಟ್ಟು ಅಂಥದ್ದೊಂದು ಕಡೆ ಸಾಲ ಮಾಡಿದ್ದಳು. ಇಲ್ಲಿ ಕಾರಿಲ್ಲದಿದ್ದರೆ ಕೆಲಸವೂ ಇಲ್ಲ, ಬಸ್ಸು ನೆಚ್ಚಿಕೊಂಡು ಬದುಕುವ ಹಾಗಿಲ್ಲ. ಅಡುಗೆಮನೆ ಮೇಜಿನ ಮೇಲೆ ಆ ಸಾಲದ ಕಾಗದ ಹರಡಿ, ಕಟ್ಟಿದ ಕಂತುಗಳ ಮುಂದೆ ಪೆನ್ಸಿಲ್‌ನಿಂದ ಗೀಟು ಹಾಕಿದ್ದಳು. ಗೀಟು ಬೆಳೆದಿತ್ತು, ಅಸಲು ಮಾತ್ರ ಹೆಚ್ಚೇನೂ ಇಳಿದಿರಲಿಲ್ಲ. ಎಲ್ಲವೂ ಕಾನೂನುಬದ್ಧ ಮಾರಾಯ. ಆಗ ಇಲ್ಲಿ ಸಣ್ಣ ಸಾಲಕ್ಕೆ ವರ್ಷಕ್ಕೆ ಶೇಕಡಾ 175ರವರೆಗೆ ಬಡ್ಡಿ ಹಾಕಬಹುದಿತ್ತು. ನಮ್ಮ ಲೆಕ್ಕದಲ್ಲಿ ನೂರಕ್ಕೆ ತಿಂಗಳಿಗೆ ಹದಿನಾಲ್ಕೂವರೆ ರೂಪಾಯಿ ಬಡ್ಡಿ! ಸಾವಿರ ಡಾಲರ್ ಅಸಲು ಹಾಗೇ ವರ್ಷ ಉಳಿದರೆ ಬಡ್ಡಿಯೇ 1,750 ಡಾಲರ್.

ಇದನ್ನು ಶೇಕಡಾ 36ಕ್ಕೆ, ಅಂದರೆ ಮೂರು ರೂಪಾಯಿ ಬಡ್ಡಿಗೆ ಇಳಿಸಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದಿತ್ತು. 2021ರಲ್ಲಿ ರಾಜ್ಯದ ಸೆನೆಟ್, ಅಂದರೆ ಮೇಲ್ಮನೆ, 36ಕ್ಕೆ ಒಪ್ಪಿತು. ಕೆಳಮನೆಯಲ್ಲಿ ಅದನ್ನೇ ತಿದ್ದಿ, ಚಿಕ್ಕ ಮೊತ್ತದ ಸಾಲಗಳಿಗೆ 99 ಅಂತ ಮಾಡಿದರು. ಎರಡು ಮನೆಗಳಿಗೂ ಹೊಂದಾಣಿಕೆಯಾಗದೆ ಮಸೂದೆ ಬಿದ್ದುಹೋಯಿತು. ಆಗ ಎರಡು ಮನೆಗಳಲ್ಲೂ ಬಹುಮತ ಇದ್ದದ್ದು ಡೆಮಾಕ್ರಾಟರಿಗೇ, ಇದನ್ನು ನೀನು ಗಮನಿಸಬೇಕು. ಎದುರು ಪಕ್ಷವನ್ನು ಸೋಲಿಸಿದರೆ ಸಾಲದು, ನಮ್ಮ ಪಕ್ಷದಿಂದ ಎಂಥವರು ಒಳಗೆ ಹೋಗುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ಅದನ್ನು ಪ್ರಶ್ನಿಸುವ ಜಾಗ ಪ್ರೈಮರಿ ಒಂದೇ.

ಮರುವರ್ಷ ಹೆರೆರಾ ಮತ್ತೆ ಮಸೂದೆ ತಂದರು. ಬರೀ 30 ದಿನದ ಅಧಿವೇಶನ ಅದು. ಈ ಸಲ ಪಾಸಾಯಿತು. 10,000 ಡಾಲರ್ ತನಕದ ಸಾಲಕ್ಕೆ 36ರ ಮಿತಿ. ಗವರ್ನರ್ ಮಿಶೆಲ್ ಲುಹಾನ್ ಗ್ರಿಶಮ್ ಸಹಿ ಹಾಕಿ, 2023ರ ಜನವರಿ 1ರಿಂದ ಜಾರಿಗೆ ಬಂತು. ಆ ದಿನ ನನಗೆ ಆದ ಖುಷಿ ಎಷ್ಟು ಅಂತ ಹೇಳಲಿ. ನಮ್ಮೂರಲ್ಲಿ ಮೀಟರ್ ಬಡ್ಡಿಗೆ ಸಿಕ್ಕಿ ಮನೆ ಕಳಕೊಂಡವರನ್ನು ನಾವಿಬ್ಬರೂ ನೋಡಿದ್ದೇವಲ್ಲ.

ಇನ್ನೊಂದು ವಿಷಯ ಗೊತ್ತಾ, ನ್ಯೂ ಮೆಕ್ಸಿಕೊದಲ್ಲಿ ಇಷ್ಟು ವರ್ಷ ಶಾಸಕರಿಗೆ ಸಂಬಳವೇ ಇಲ್ಲ. ಅಧಿವೇಶನದ ದಿನಭತ್ಯೆ, ಓಡಾಟದ ಖರ್ಚು, ಅಷ್ಟೇ. ಜನ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗಂತೂ ಅದು ಅನ್ಯಾಯ ಅನ್ನಿಸುತ್ತದೆ. ಕೂಲಿ ಮಾಡಿ ತಿನ್ನುವವರು ಇಲ್ಲಿ ಶಾಸಕರಾಗೋದು ಹೇಗೆ? ಎರಡು ವರ್ಷಕ್ಕೊಮ್ಮೆ ಗುಡ್ಡದಾಚೆಯ ಮಣ್ಣುರಸ್ತೆಗಳಲ್ಲಿ ಮನೆಮನೆಗೆ ಅಲೆಯಲು ಪೆಟ್ರೋಲ್ ಎಲ್ಲಿಂದ ತರಬೇಕು?

ಸುಮ್ನೆ ಹೊಗಳೋಕೆ ಬರೆದದ್ದಲ್ಲ. ಕೊರತೆಯೂ ಇತ್ತು. ಯಾವ ಪಕ್ಷಕ್ಕೂ ಹೆಸರು ಬರೆಸದವರಿಗೆ ಈ ಪ್ರೈಮರಿಯಲ್ಲಿ ವೋಟೇ ಇರಲಿಲ್ಲ. 2025ರಲ್ಲಿ ಕಾನೂನು ತಿದ್ದಿ ಅವರಿಗೂ ಬಾಗಿಲು ತೆರೆದರು. ತಡವಾಯಿತು, ಆದರೂ ಸರಿಯಾದ ಕೆಲಸ.

ನೀನು ಗ್ರಾಮ ಪಂಚಾಯ್ತಿಗೆ ನಿಲ್ಲುವ ಮಾತೆತ್ತಿದ್ದೆ, ಆಮೇಲೆ ಸುಮ್ಮನಾದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಯಾರ ಬಿ ಫಾರಂಗೂ ಕಾಯಬೇಕಿಲ್ಲ. ಕೆರೆ ಏರಿ ಕಡೆಯ ರಸ್ತೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಸಾಲದ ತಾಪತ್ರಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಲ್ಲು ಮಾರಾಯ. ಅತ್ತಿಗೆಯನ್ನೂ ಕೇಳು, ಅವರು ಬೇಡ ಅಂದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ಕರಪತ್ರದ ಖರ್ಚು ನನ್ನದು.

ನಿನ್ನ,
ಸುರೇಶ