ಐಸ್ ಬಕೆಟ್ ತುಂಬಿಟ್ಟ ಅಣ್ಣನಿಗೆ

ಮೊನ್ನೆ ವೈವಾ ಮುಗಿಯಿತು. ಪಿಎಚ್‌ಡಿ ಆಯಿತು. ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಪ್ರೋಟೀನ್ ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್ ಹತ್ತಿರ ತಮ್ಮ ಸರದಿ ನನಗೆ ಬಿಟ್ಟುಕೊಟ್ಟವರಿಗೆ, ವಾರಗಟ್ಟಲೆ ಫೋನ್ ಎತ್ತದಿದ್ದರೂ ಬೇಜಾರು ಮಾಡಿಕೊಳ್ಳದ ಅಮ್ಮನಿಗೆ, ಎಲ್ಲರಿಗೂ ಋಣಿ.

ಆದರೆ ಜಾಸ್ತಿ ಬರೆಯಬೇಕಿರುವುದು ನಮ್ಮ ಲ್ಯಾಬಿನ ಅಟೆಂಡರ್ ಅಣ್ಣನ ಬಗ್ಗೆ.

ಇಲಿಯ ಬೇರೆ ಬೇರೆ ಅಂಗಗಳಿಂದ ತೆಗೆದ ಜೀವಕೋಶಗಳನ್ನು ಇಟ್ಟಿದ್ದ ಮೈನಸ್ 80 ಡಿಗ್ರಿ ಫ್ರೀಜರ್ ಒಂದು ರಾತ್ರಿ ಕೆಟ್ಟುಹೋಯಿತು. ನಾನು ಫೋನ್ ಮಾಡಿದಾಗ ಅಣ್ಣ ಡ್ಯೂಟಿಯಲ್ಲಿ ಇರಲಿಲ್ಲ. 'ಬಾಗಿಲು ಮಾತ್ರ ತೆಗೀಬೇಡಿ ಮೇಡಂ, ಬಂದೆ' ಅಂದರು. ಪಕ್ಕದ ಲ್ಯಾಬಿನಿಂದ ಡ್ರೈ ಐಸ್ ತಂದರು. ಲೇಬಲ್‌ಗಳ ಮೇಲೆಲ್ಲ ಹಿಮ ಕಟ್ಟಿತ್ತು. ಬಿಳಿ ಟೇಪ್ ಮೇಲೆ ಕನ್ನಡದಲ್ಲೇ ಬರೆದು ಡಬ್ಬಿಗಳಿಗೆ ಸುತ್ತಿದರು: ಲಿವರ್, ಶ್ವಾಸಕೋಶ, ಗುಲ್ಮ (ಸ್ಪ್ಲೀನ್).

ಮಿದುಳಿನ ಡಬ್ಬಿ ಉಳಿಯಲಿಲ್ಲ. ಎಂಟು ತಿಂಗಳ ಕೆಲಸ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸಾಕು, ಊರಿಗೆ ಹೋಗ್ತೀನಿ ಅಂದೆ. ಅಣ್ಣ ಸಮಾಧಾನ ಹೇಳಲಿಲ್ಲ. ಫ್ಲಾಸ್ಕ್‌ನಿಂದ ಟೀ ಬಗ್ಗಿಸಿ ಕೊಟ್ಟು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, 'ಎಲ್ಲಾ ಒಂದೇ ಜಾತಿ ಜೀವಕೋಶ ಅಂತೀರಲ್ಲ, ಮತ್ಯಾಕೆ ಬೇರೆ ಬೇರೆ ಡಬ್ಬಿ?' ಅಂತ ಕೇಳಿದರು.

ಹೇಳಿದೆ. ಎಲ್ಲವೂ ಮ್ಯಾಕ್ರೋಫೇಜ್‌ಗಳೇ, ಕಸ ನುಂಗಿ ಮೈ ಕಾಯುವ ಜೀವಕೋಶಗಳು. ಆದರೆ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ. ಲಿವರಿನ ಕುಪ್ಫರ್ ಕೋಶ ಕರುಳಿನ ಕಡೆಯಿಂದ ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾ ಹಿಡಿಯುತ್ತದೆ. ಶ್ವಾಸಕೋಶದ್ದು ಧೂಳಿನ ಜೊತೆ ಅಲ್ಲಿನ ಹಳೇ ಜಿಡ್ಡನ್ನೂ ತೆಗೆಯುತ್ತದೆ. ಗುಲ್ಮದ್ದು ಮುದಿಯಾದ ಕೆಂಪು ರಕ್ತಕಣ ನುಂಗಿ ಕಬ್ಬಿಣವನ್ನು ವಾಪಸ್ ರಕ್ತಕ್ಕೆ ಕೊಡುತ್ತದೆ. ಅದಕ್ಕೇ ಕಬ್ಬಿಣ ಹೊರಗೆ ದಾಟಿಸುವ ಫೆರೋಪೋರ್ಟಿನ್ ಅನ್ನುವ ಪ್ರೋಟೀನ್ ಅದರಲ್ಲಿ ಜಾಸ್ತಿ. ಒಂದೇ ಇಲಿ, ಒಂದೇ ಡಿಎನ್‌ಎ, ಪ್ರೋಟೀನ್ ಮಾತ್ರ ಬೇರೆ ಬೇರೆ. ಅಂಗದಿಂದ ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಆ ಗುರುತೂ ಮಸುಕಾಗುತ್ತಾ ಹೋಗುತ್ತದೆ. ತಣ್ಣಗಿಟ್ಟರೆ ಆ ಬದಲಾವಣೆ ನಿಧಾನ. ನಾನು ಐಸ್, ಐಸ್ ಅಂತ ಒದ್ದಾಡುತ್ತಿದ್ದದ್ದು ಅದಕ್ಕೇ.

ಹೇಳುತ್ತಾ ಹೇಳುತ್ತಾ ಅಳು ನಿಂತಿತ್ತು. ಈ ಕೆಲಸ ನನಗೆ ಎಷ್ಟು ಇಷ್ಟ ಅನ್ನುವುದು ಮತ್ತೆ ನೆನಪಾಗಿತ್ತು. ನನ್ನ ಥೀಸಿಸ್‌ನ ಮೊದಲ ಪ್ಯಾರಾ ಆ ಮೆಟ್ಟಿಲ ಮೇಲಿನ ಮಾತೇ.

ಮಿದುಳಿನ ಕೆಲಸ ಮತ್ತೆ ಮಾಡಲು ಒಂದು ವರ್ಷ ಹಿಡಿಯಿತು. ಬೆಳಿಗ್ಗೆ ಆರಕ್ಕೆ ನಾನು ಬರುವಷ್ಟರಲ್ಲಿ ಐಸ್ ಬಕೆಟ್ ತುಂಬಿರುತ್ತಿತ್ತು. ತುಂಬಿಸಿ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಅಣ್ಣ, ವೈವಾ ದಿನ ನೀವು ಹಿಂದೆ ಬಾಗಿಲ ಹತ್ತಿರ ನಿಂತೇ ಇದ್ದಿರಿ. ಕೂರಿ ಅಂತ ಸನ್ನೆ ಮಾಡಿದರೂ ಕೂರಲಿಲ್ಲ. ಗುಲ್ಮದ ಸ್ಲೈಡ್ ಬಂದಾಗ, ಹೌದು ಅನ್ನುವ ಹಾಗೆ ತಲೆ ಆಡಿಸಿದಿರಿ. ಅಲ್ಲಿಂದಾಚೆ ನನ್ನ ದನಿ ನಡುಗಲಿಲ್ಲ.