ಹಿಮ ನೋಡಲು ಹೊರಟವರು ಕೈಯನ್ನು ಮರೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಾನು ಬದಿಯಡ್ಕದಲ್ಲಿ 26 ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿದ್ದೇನೆ. ಡಿಸೆಂಬರ್ ಹತ್ತಿರ ಬಂದಂತೆ ನನ್ನ ಅಂಗಡಿಗೆ ಬರುವವರ ಬಾಯಲ್ಲಿ ಮನಾಲಿ, ಗುಲ್ಮಾರ್ಗ್ ಎಂಬ ಹೆಸರು ಕೇಳುತ್ತದೆ. ಅವರಿಗೆಲ್ಲ ಒಂದು ಮಾತು ಹೇಳಬೇಕೆಂದು ಈ ಪತ್ರ. ನಾನು ಅನುಭವಿಸಿದ್ದು ಬೇರೆಯವರಿಗೆ ಆಗಬಾರದು.

ಹೋದ ಜನವರಿಯಲ್ಲಿ ನಮ್ಮ ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಗುಂಪು) ಘಟಕದ ಎಂಟು ಮಂದಿ, ಮನೆಯವರನ್ನೂ ಸೇರಿಸಿ 17 ಜನ ಕಾಶ್ಮೀರಕ್ಕೆ ಹೋಗಿದ್ದೆವು. ಎರಡು ವರ್ಷ ಚೀಟಿ ಕಟ್ಟಿ ಕೂಡಿಸಿದ ದುಡ್ಡು. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ವಿಮಾನದಲ್ಲಿ ಶ್ರೀನಗರ. ಕರೆದುಕೊಂಡು ಹೋದವರು ತರಬೇಕಾದ ಸಾಮಾನು ಬರೆದ ಒಂದು ಚೀಟಿಯನ್ನು ಮೊದಲೇ ಕೊಟ್ಟಿದ್ದರು. ಕೋಟು, ಬೂಟು, ಟೊಪ್ಪಿ, ಮಾತ್ರೆ, ಗುರುತಿನ ಚೀಟಿ ಎಲ್ಲ ಇತ್ತು. ಕೊನೆಯಲ್ಲಿ 'ಗ್ಲೌಸ್' ಎಂಬ ಒಂದೇ ಶಬ್ದ. ಎಂಥ ಗ್ಲೌಸ್, ಎಷ್ಟು ದಪ್ಪ, ಯಾವ ಬಟ್ಟೆ, ಒಂದಕ್ಷರ ಇಲ್ಲ. ನಮಗೆ ಹೇಗೆ ಗೊತ್ತಾಗಬೇಕು? ಮಕರ ತಿಂಗಳಲ್ಲೂ ಬೆಳಗ್ಗೆ ಒಂದು ಬೈರಾಸು ಹೊದ್ದರೆ ಸಾಕಾಗುವ ಊರು ನಮ್ಮದು.

ನಾನೇ ಹೊಲಿದೆ. ಒಳ್ಳೆ ಮೆತ್ತಗಿನ ಹತ್ತಿ ಬಟ್ಟೆ ಆರಿಸಿ, ಬೆರಳು ಬೆರಳಿಗೂ ಅಳತೆ ತೆಗೆದು, ಚರ್ಮಕ್ಕೆ ಅಂಟಿ ಕೂರುವ ಹಾಗೆ ಎಂಟು ಜೊತೆ ಹೊಲಿದೆ. ಬಿಗಿಯಾಗಿದ್ದರೆ ಬೆಚ್ಚಗಿರುತ್ತದೆ ಎಂದುಕೊಂಡಿದ್ದೆ. ಎರಡೂ ತಪ್ಪು. ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಒದ್ದೆ ಬಟ್ಟೆ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಬಿಗಿ ಗ್ಲೌಸ್ ಬೆರಳಿನ ರಕ್ತದ ಓಡಾಟಕ್ಕೇ ಅಡ್ಡ ಬರುತ್ತದೆ. ಬಟ್ಟೆಯಲ್ಲೇ ಬದುಕಿದ ನನಗೆ ಇದು ತಿಳಿದಿರಲಿಲ್ಲ ಎಂಬುದು ಇವತ್ತಿಗೂ ನೋವು.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ದಾರಿಯಲ್ಲಿ ತಂಗ್‌ಮಾರ್ಗ್‌ನಲ್ಲಿ ಕೋಟು, ಗಂಬೂಟು ಬಾಡಿಗೆಗೆ ಸಿಗುತ್ತವೆ. ಅಲ್ಲೇ ಉಲ್ಲನ್ ಗ್ಲೌಸೂ ತೆಗೆದುಕೊಂಡೆವು. ಹಿಂದಿನ ದಿನ ಯಾರೋ ಹಾಕಿದ್ದು, ಒಳಗೆ ಇನ್ನೂ ಪಸೆ ಆರಿರಲಿಲ್ಲ. ನಾನು ಹೊಲಿದದ್ದರ ಮೇಲೆ ಅದನ್ನು ಒತ್ತಿ ತುರುಕಿಕೊಂಡೆವು.

ಅಲ್ಲಿ ಹಿಮದ ಮೇಲೆ ಓಡುವ ಸ್ನೋ ಮೊಬೈಲ್ ಇದೆ. ಸ್ನೋ ಸ್ಕೂಟರ್ ಅಂತಲೂ ಹೇಳುತ್ತಾರೆ. ಮುಂದೆ ಎರಡು ಹಲಗೆ, ಹಿಂದೆ ರಬ್ಬರ್ ಪಟ್ಟಿ. ಓಡಿಸುವ ಹುಡುಗ ಹಿಂದೆ ಕೂತು, ಹ್ಯಾಂಡಲ್ ನನ್ನ ಕೈಗೆ ಕೊಟ್ಟ. ಎಷ್ಟು ಸಂತೋಷ ಆಯಿತೆಂದರೆ, ಅದನ್ನು ಈಗಲೂ ಮರೆತಿಲ್ಲ. ಇದರ ಆಕ್ಸಿಲರೇಟರ್ ಬೈಕಿನ ಹಾಗೆ ತಿರುಗಿಸುವಂಥದ್ದಲ್ಲ. ಬಲಗೈ ಹಿಡಿಯ ಪಕ್ಕದಲ್ಲಿ ಸಣ್ಣ ಲಿವರ್ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿಯೇ ಹಿಡಿಯಬೇಕು. ಉಳಿದ ನಾಲ್ಕು ಬೆರಳು ಹಿಡಿಯನ್ನು ಸುತ್ತಿ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಹೆಬ್ಬೆರಳು ಮಾತ್ರ ಒಂಟಿ. ಅಲುಗಾಡದೆ ಗಾಳಿಗೆ ಒಡ್ಡಿಕೊಂಡಿರುತ್ತದೆ.

ಗಾಳಿಯ ಲೆಕ್ಕ ಆಮೇಲೆ ತಿಳಿಯಿತು. ಹೊರಗೆ ಮೈನಸ್ 5 ಡಿಗ್ರಿ ಇದೆ, ಎಲೆಯೂ ಅಲುಗುತ್ತಿಲ್ಲ ಎಂದಿಟ್ಟುಕೊಳ್ಳಿ. ಬಂಡಿ ಗಂಟೆಗೆ 30 ಕಿ.ಮೀ. ಓಡಿದರೆ ಬರಿ ಚರ್ಮಕ್ಕೆ ಅದು ಮೈನಸ್ 13ರ ಚಳಿ. ಗಾಳಿ ಬೀಸಬೇಕೆಂದೇ ಇಲ್ಲ, ಓಡುವ ಬಂಡಿಯೇ ಗಾಳಿ ಮಾಡುತ್ತದೆ. ಅದರ ಜೊತೆಗೆ ಇನ್ನೊಂದು. ಮೈಗೆ ಚಳಿಯಾದರೆ ದೇಹ ಮೊದಲು ಎದೆ, ಹೊಟ್ಟೆಯ ಬಿಸಿ ಕಾಯುತ್ತದೆ, ಕೈಕಾಲಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಹಾಗಾಗಿ ಕೈ ಬೆಚ್ಚಗಿರಬೇಕಾದರೆ ಎದೆ, ಕುತ್ತಿಗೆ, ತಲೆ ಮೊದಲು ಬೆಚ್ಚಗಿರಬೇಕು. ನಾನು ಶಾಲನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ.

ಇಳಿದಾಗ ಬಲ ಹೆಬ್ಬೆರಳಿನ ತುದಿ ಮೇಣದ ಹಾಗೆ ಬೆಳ್ಳಗಿತ್ತು. ಚಿವುಟಿದರೆ ಗೊತ್ತಾಗಲಿಲ್ಲ. ನೋವೇ ಇಲ್ಲದ್ದರಿಂದ ಪರವಾಗಿಲ್ಲ ಅಂದುಕೊಂಡೆ. ನಿಜಕ್ಕೂ ಹೆದರಬೇಕಾದದ್ದು ಆಗಲೇ! ನಾದಿನಿ ಗಟ್ಟಿಯಾಗಿ ತಿಕ್ಕಲು ಶುರು ಮಾಡಿದಳು. ಇನ್ನೊಬ್ಬರು ಕಾಂಗ್ಡಿ ತಂದರು, ಅಲ್ಲಿನವರು ಅಂಗಿಯೊಳಗೆ ಇಟ್ಟುಕೊಳ್ಳುವ ಕೆಂಡದ ಮಡಕೆ. ಆ ಹುಡುಗ ಓಡಿ ಬಂದು ಇಬ್ಬರನ್ನೂ ತಡೆದ. "ದೀದಿ, ತಿಕ್ಕಬೇಡಿ, ಬೆಂಕಿಯೂ ಬೇಡ" ಅಂದ. ತಿಕ್ಕಿದರೆ ಮರಗಟ್ಟಿದ ಚರ್ಮ ಹಾಳಾಗುತ್ತದೆ. ಸ್ಪರ್ಶ ಇಲ್ಲದ ಬೆರಳು ಕೆಂಡದ ಬಳಿ ಸುಟ್ಟರೂ ತಿಳಿಯುವುದಿಲ್ಲ. ಗ್ಲೌಸ್ ತೆಗೆಸಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಲು ಹೇಳಿದ. ಆಮೇಲೆ ಚಹಾದಂಗಡಿಯೊಳಗೆ ಕೂರಿಸಿ ಉಗುರು ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿಸಿದ. ನೀರಿನ ಬಿಸಿಯನ್ನು ನನ್ನ ಕೈಯಿಂದ ನೋಡಲು ಬಿಡಲಿಲ್ಲ, ನಾದಿನಿಯ ಮೊಣಕೈ ಅದ್ದಿಸಿ ನೋಡಿದ. 37ರಿಂದ 39 ಡಿಗ್ರಿ ಇದ್ದರೆ ಸರಿ ಎಂದು ಊರಿಗೆ ಬಂದ ಮೇಲೆ ಡಾಕ್ಟರು ಹೇಳಿದರು. ಮತ್ತೆ ಚಳಿಗೆ ಹೋಗಿ ಮರಗಟ್ಟುವ ಹಾಗಿದ್ದರೆ ನೀರಿಗೆ ಹಾಕಲೇಬಾರದಂತೆ, ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಜಾಸ್ತಿ.

ರಕ್ತ ತಿರುಗಿ ಬರುವಾಗ ಒಟ್ಟಿಗೆ ನೂರು ಸೂಜಿ ಚುಚ್ಚಿದ ಹಾಗಾಯಿತು. ನಾನು ಗಟ್ಟಿಯಾಗಿ ಅತ್ತೆ. ವಾರ ಕಳೆದು ತುದಿಯ ಚರ್ಮ ಸುಲಿಯಿತು. ಒಂದು ತಿಂಗಳು ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಕಾಜ ಹೊಲಿಯುವ ಕೆಲಸವನ್ನೆಲ್ಲ ಬೇರೆಯವರಿಗೆ ಕೊಟ್ಟೆ. ಕೈ ಹೋದರೆ ನನ್ನಂಥವಳಿಗೆ ಏನು ಉಳಿಯುತ್ತದೆ ಎಂದು ರಾತ್ರಿಯೆಲ್ಲ ಯೋಚಿಸಿದ್ದೇನೆ.

ಈಗ ಬೇರೆ ಥರ ಹೊಲಿಯುತ್ತಿದ್ದೇನೆ. ಒಳಗೆ ತೆಳು ಉಲ್ಲನ್, ಹೊರಗೆ ಗಾಳಿ ನುಗ್ಗದ, ನೀರು ಇಳಿಯದ ಬಟ್ಟೆ. ಒಳಗೆ ಬೆರಳು ಆಡಿಸುವಷ್ಟು ಸಡಿಲ, ಆ ಸಡಿಲದಲ್ಲಿ ನಿಂತ ಗಾಳಿಯೇ ಬಿಸಿ ಹಿಡಿದಿಡುವುದು. ಐದು ಬೆರಳಿಗೆ ಐದು ಮನೆ ಬೇಡ. ನಾಲ್ಕು ಬೆರಳಿಗೆ ಒಂದೇ ಚೀಲ, ಹೆಬ್ಬೆರಳಿಗೆ ಬೇರೆ. ಒಟ್ಟಿಗಿದ್ದರೆ ಬೆರಳುಗಳು ಒಂದನ್ನೊಂದು ಕಾಯಿಸುತ್ತವೆ. ಹೆಬ್ಬೆರಳಿನ ಮನೆಗೆ ಇನ್ನೊಂದು ಪದರ ಕೊಡುತ್ತೇನೆ. ಮಣಿಕಟ್ಟು ಉದ್ದ ಬೇಕು, ಕೋಟಿನ ತೋಳಿನ ಮೇಲೆ ಮೊಣಕೈಗೆ ಅರ್ಧ ದೂರದವರೆಗೆ ಬರಬೇಕು. ಗಾಳಿ ನುಗ್ಗುವುದೇ ಆ ಸಂದಿನಲ್ಲಿ. ಒಳಗಿನದು ಎರಡು ಜೊತೆ ಇರಲಿ. ಒಂದು ಒದ್ದೆಯಾದರೆ ಇನ್ನೊಂದು.

ಬಂಡಿ ಹತ್ತುವ ಮೊದಲು ಕೇಳಿ ನೋಡಿ. ಕೆಲವು ಬಂಡಿಗಳ ಹಿಡಿಯೊಳಗೆ, ಹೆಬ್ಬೆರಳಿನ ಲಿವರಿನಲ್ಲೂ ಕರೆಂಟಿನಿಂದ ಬಿಸಿಯಾಗುವ ತಂತಿ ಇರುತ್ತದೆ, ಸ್ವಿಚ್ ಹಾಕಬೇಕಷ್ಟೆ. ಅದರಿಂದ ಅಂಗೈ ಬೆಚ್ಚಗಾಗುತ್ತದೆ, ಕೈಯ ಬೆನ್ನಿಗೆ ಗಾಳಿ ಬಡಿಯುವುದು ನಿಲ್ಲುವುದಿಲ್ಲ. ಅದಕ್ಕೆ ಹ್ಯಾಂಡಲಿಗೆ ಕಟ್ಟುವ ಕವರ್ ಒಳ್ಳೆಯದು, ದಿಲ್ಲಿ ಕಡೆ ಚಳಿಗಾಲದಲ್ಲಿ ಬೈಕಿನವರು ಕಟ್ಟಿಕೊಳ್ಳುತ್ತಾರಲ್ವಾ, ಅಂಥದ್ದು. ಕೈ ಬಿಸಿ ಮಾಡುವ ಪೊಟ್ಟಣವೂ ಸಿಗುತ್ತದೆ. ಒಳಗೆ ಕಬ್ಬಿಣದ ಪುಡಿ, ಗಾಳಿ ತಾಗಿದರೆ ಬಿಸಿಯಾಗುತ್ತದೆ. ಸುಮ್ನೆ ಬಿಗಿ ಗ್ಲೌಸಿನೊಳಗೆ ತುರುಕಿದರೆ ಗಾಳಿಯಿಲ್ಲದೆ ತಣ್ಣಗಾಗಿ ಬಿಡುತ್ತದೆ. ಬರಿ ಚರ್ಮಕ್ಕೂ ಇಡಬೇಡಿ. ಗಂಡಸರಿಗೆ ಒಂದು ಮಾತು: ಚಳಿಗೆಂದು ಸಿಗರೇಟು ಸೇದಬೇಡಿ, ಬೆರಳಿನ ರಕ್ತನಾಳ ಇನ್ನಷ್ಟು ಬಿಗಿಯುತ್ತದೆ. ಕುಡಿದರೆ ಮೈ ಬಿಸಿಯಾದಂತೆ ಅನ್ನಿಸಿದರೂ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಇಡೀ ತೋಳನ್ನು ಗಿರ್ರನೆ ತಿರುಗಿಸಿ. ರಕ್ತ ಬೆರಳಿನ ತುದಿಗೆ ಇಳಿಯುತ್ತದೆ.

ಪ್ರವಾಸಕ್ಕೆ ಕರೆದೊಯ್ಯುವವರಲ್ಲಿ ನನ್ನ ವಿನಂತಿ ಇಷ್ಟೆ. 'ಗ್ಲೌಸ್' ಎಂಬ ಒಂದು ಶಬ್ದದ ಜಾಗದಲ್ಲಿ ನಾಲ್ಕು ಸಾಲು ಬರೆಯಿರಿ. ಮಲಯಾಳದಲ್ಲೂ ಬರೆಯಿರಿ, ಕನ್ನಡದಲ್ಲೂ ಬರೆಯಿರಿ. ನಮ್ಮ ಘಟಕದ ಇಬ್ಬರು ಹಿರಿಯರಿಗೆ ಮಲಯಾಳ ಓದಲು ಬರುವುದಿಲ್ಲ, ಆ ಚೀಟಿಯನ್ನು ನಾನೇ ಓದಿ ಹೇಳಿದ್ದು. ಬೆರಳು ಬೆಳ್ಳಗಾದರೆ ತಿಕ್ಕಬಾರದು ಎಂದು ಹೊರಡುವ ಮೊದಲು ಬಸ್ಸಿನಲ್ಲಿ ಒಮ್ಮೆ ಬಾಯಲ್ಲೂ ಹೇಳಿ.

ಮುಂದಿನ ತಿಂಗಳು ನಮ್ಮ ಪಕ್ಕದ ವಾರ್ಡಿನಿಂದ 12 ಮಂದಿ ಮನಾಲಿಗೆ ಹೊರಟಿದ್ದಾರೆ. ಏಳು ಜೊತೆ ಹೊಲಿದಾಗಿದೆ, ಇನ್ನು ಐದು ಬಾಕಿ.

ಇಂತಿ,
ಒಬ್ಬ ಹೊಲಿಗೆ ಕೆಲಸದವಳು
ಬದಿಯಡ್ಕ, ಕಾಸರಗೋಡು ಜಿಲ್ಲೆ